ಹೇಳಿಕೆ ಆಗದ ಮನೆಗಳ ಪಟ್ಟಿ

ದಡ್ಡರ ಬದುಕಿನಲ್ಲಿ ಪೇಚಿನ ಪ್ರಸಂಗಗಳು ಆಗಾಗ ರಜೆ ತೆಗೆದುಕೊಳ್ಳುತ್ತವೆ. ನನ್ನಂಥ ಬುದ್ಧಿವಂತನಿಗೆ ಮಾತ್ರ ಭಾನುವಾರವೂ ಬಿಡುವಿಲ್ಲ.

ಕಾರವಾರದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವನು ನಾನು. ನೋಡಿಕೊಳ್ಳುವುದು ಅಂದರೆ ಅಂತಿಂಥ ನೋಡಿಕೊಳ್ಳುವುದಲ್ಲ. ಕೆಟ್ಟು ಕೂತ ಎಷ್ಟೋ ಕಂಪ್ಯೂಟರುಗಳು ನನ್ನ ಸ್ಕೂಟರಿನ ಸದ್ದು ಕೇಳಿದ್ದೇ ತಡ, ಹೆದರಿ ತಾವಾಗಿಯೇ ಚಾಲೂ ಆಗಿವೆ. ಒಂದು ಸಲವಂತೂ ಬಂದದ್ದು ನನ್ನ ಸ್ಕೂಟರೇ ಅಲ್ಲ, ಹಾಲಿನವನದು. ಆದರೂ ಪ್ರಿಂಟರ್ ಗಾಬರಿಯಲ್ಲಿ ಎರಡು ಹಾಳೆ ಉಗುಳಿತು. ನಂಬದವರು ಬಂದು ನೋಡಬಹುದು, ಪ್ರಿಂಟರ್ ಈಗಲೂ ಅಲ್ಲೇ ಇದೆ.

ಇಂಥ ನನ್ನ ಅಕ್ಕನ ಕಿರಿ ಮಗಳ ಮದುವೆ ನಿಶ್ಚಯವಾಯಿತು. ಅಕ್ಕ-ಭಾವ ಇರುವುದು ಅಂಕೋಲೆಯಲ್ಲಿ. ನಮ್ಮ ಕಡೆ ಮದುವೆಗೆ ಬರೀ ಕಾಗದ ಕಳಿಸಿದರೆ ನಡೆಯುವುದಿಲ್ಲ. ಬಾಗಿಲಿಗೇ ಹೋಗಬೇಕು, ಮನೆಯಾಕೆಗೆ ಕುಂಕುಮ ಕೊಡಬೇಕು, ಕೂತು ಬೆಲ್ಲ-ನೀರು ಕುಡಿದು, "ಎಲ್ಲರೂ ಬರಬೇಕು" ಎಂದು ಬಾಯಿಬಿಟ್ಟು ಹೇಳಬೇಕು. ಇದಕ್ಕೆ ಹೇಳಿಕೆ ಎಂದು ಹೆಸರು. ಮದುವೆ ಊಟದಲ್ಲಿ ಉಪ್ಪು ಕಡಿಮೆಯಾದರೆ ಜನ ಮರೆಯುತ್ತಾರೆ. ಹೇಳಿಕೆ ತಪ್ಪಿದರೆ ಮೊಮ್ಮಕ್ಕಳಿಗೂ ಬಾಯಿಪಾಠ ಮಾಡಿಸುತ್ತಾರೆ. ಅಕ್ಕನ ದೊಡ್ಡ ಮಗಳ ಮದುವೆಯಲ್ಲಿ ಅಗಸೂರಿನ ಒಂದು ಮನೆ ಬಿಟ್ಟುಹೋಗಿತ್ತು. ಆ ಮನೆಯವರು ಈಗಲೂ ಅಕ್ಕ ಎದುರಿಗೆ ಬಂದರೆ ರಸ್ತೆ ದಾಟಿ, ಆಚೆ ಬದಿಯಲ್ಲಿ ನಿಂತು ಮುಚ್ಚಿದ ಅಂಗಡಿಯ ಬೋರ್ಡು ಓದುತ್ತಾರೆ.

"ಈ ಸಲ ಒಂದೇ ಒಂದು ಮನೆ ಬಿಟ್ಟುಹೋದ್ರೂ ನಾ ಮಂಟಪದ ಹತ್ರ ಬರೂದಿಲ್ಲ ನೋಡು ತಮಾ" ಎಂದಳು ಅಕ್ಕ. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಹೆದರಬೇಡ ಅಕ್ಕಾ, ನಾನಿದ್ದೇನೆ. ಡೇಟಾಬೇಸ್ ಮಾಡ್ತೇನೆ."

"ಎಂತ ಬೇಕಾದ್ರೂ ಮಾಡು, ಅಡುಗೆಮನೇಲಿ ಮಾತ್ರ ಮಾಡಬೇಡ."

೧. ಒಂದು ಖಾಲಿ ಜಾಗ

ಕೆಲಸವೇನೋ ಸರಳ. ಕಂಪ್ಯೂಟರಿನಲ್ಲಿ ಎರಡು ಪಟ್ಟಿ ಮಾಡಿದೆ. ಒಂದರಲ್ಲಿ ಹೇಳಬೇಕಾದ ಮನೆಗಳು, ಏಳುನೂರು ಚಿಲ್ಲರೆ. ಇನ್ನೊಂದರಲ್ಲಿ ಹೇಳಿ ಬಂದ ಮನೆಗಳು. ಸಂಜೆಯಾದರೆ ನಾನು ಅಂಕೋಲೆಗೆ ಹೋಗಿ ಭಾವನ ಲ್ಯಾಪ್‌ಟಾಪಿಗೆ ಒಂದೇ ಪ್ರಶ್ನೆ ಕೇಳುವುದು: ಮೊದಲ ಪಟ್ಟಿಯಲ್ಲಿದ್ದೂ ಎರಡನೆಯದರಲ್ಲಿ ಇಲ್ಲದ ಮನೆಗಳು ಯಾವುವು? ಇಂಥ ಪ್ರಶ್ನೆಗೆ ನಮ್ಮ ಕಸುಬಿನಲ್ಲಿ ಕ್ವೆರಿ ಅನ್ನುತ್ತಾರೆ. ಅಂದಂದಿನ ಹೇಳಿಕೆಗಳನ್ನು ತುಂಬಿಸುವ ಕೆಲಸ ಭಾವನದು.

ನಾಲ್ಕನೇ ಸಂಜೆ ಕ್ವೆರಿ ಓಡಿಸಿದೆ. ಉತ್ತರ ಬಂತು: ಒಂದೂ ಮನೆ ಇಲ್ಲ.

"ಅಕ್ಕಾ, ಹೇಳಿಕೆ ಪೂರಾ ಮುಗೀತು! ನಾಲ್ಕೇ ದಿನ! ಇದಕ್ಕೆ ಕಂಪ್ಯೂಟರ್ ಅನ್ನೂದು" ಎಂದು ಕೂಗಿದೆ. ಅಕ್ಕ ದೇವರಿಗೆ ದೀಪ ಹಚ್ಚಿದಳು. ಭಾವ ಚಪ್ಪಲಿಯನ್ನು ಅಟ್ಟದ ಮೇಲೇ ಇಟ್ಟುಬಿಟ್ಟರು. ಮದುಮಗಳು ಒಬ್ಬಳೇ ಅನುಮಾನದಿಂದ ಕೇಳಿದಳು: "ಮಾಮಾ, ಅಗಸೂರಿನ ಕಡೆ ಇನ್ನೂ ಯಾರೂ ಹೋಗೇ ಇಲ್ಲವಲ್ಲ?"

ಹುಡುಕಿದೆ. ಭಾವ ತುಂಬಿಸಿದ ಸಾಲುಗಳಲ್ಲಿ ಒಂದರಲ್ಲಿ ಮನೆಯ ಹೆಸರೇ ಇರಲಿಲ್ಲ. ತಾರೀಖು ಇದೆ, ಹೊತ್ತು ಇದೆ, ಹೆಸರಿನ ಜಾಗ ಖಾಲಿ.

"ಇದು ಯಾರ ಮನೆ ಭಾವಾ?"

"ಅದೇ ನೆನಪಾಗೂದಿಲ್ಲ ಮಾರಾಯ. ಚಾ ಮಾತ್ರ ಲಾಯ್ಕ ಇತ್ತು."

ಆ ಒಂದು ಖಾಲಿ ಜಾಗವೇ ಇಡೀ ಪಟ್ಟಿಯನ್ನು ನುಂಗಿತ್ತು. ನಾನು ಕ್ವೆರಿ ಬರೆದ ಬಗೆ ಹಾಗಿತ್ತು. ಯಾವ ಮನೆಯ ಬಗ್ಗೆ ಕೇಳಿದರೂ ಕಂಪ್ಯೂಟರ್, "ಆ ಹೆಸರಿಲ್ಲದ ಮನೆ ಇದೇ ಇರಬಹುದೋ ಏನೋ, ನಾ ಖಾತ್ರಿ ಹೇಳಲಾರೆ" ಎಂದು ಪಕ್ಕಕ್ಕೆ ಸರಿಸುತ್ತಿತ್ತು. ಹೀಗೆ ಒಂದೊಂದಾಗಿ ಎಲ್ಲ ಮನೆಗಳನ್ನೂ ಸರಿಸಿ, ಉಳಿದದ್ದು ಸೊನ್ನೆ ಎಂದಿತ್ತು.

ಇದನ್ನು ನಾನು ಬಿಡಿಸಿ ಹೇಳಿದಾಗ ಭಾವ ಅಟ್ಟದಿಂದ ಚಪ್ಪಲಿ ಇಳಿಸುತ್ತ ಅಂದರು: "ನಾ ಒಂದು ಮನೆ ಮರೆತದ್ದಕ್ಕೆ ಇದು ಇಡೀ ತಾಲ್ಲೂಕನ್ನೇ ಮರೀತಲ್ಲ! ನನಗಿಂತ ಇದಕ್ಕೇ ವಯಸ್ಸು ಜಾಸ್ತಿ ಆಗಿದೆ."

೨. ಚಪ್ಪಲಿಯ ಲೆಕ್ಕಾಚಾರ

ಖಾಲಿ ಜಾಗದ ಉಪದ್ರ ತಪ್ಪಿಸಲು ಕ್ವೆರಿಯನ್ನು ಬೇರೆ ಥರ ಬರೆದೆ. ಈಗ ಅದು ಬಹಳ ಜವಾಬ್ದಾರಿಯಿಂದ ವರ್ತಿಸತೊಡಗಿತು. ಒಂದೊಂದು ಮನೆಗೂ ಹೇಳಿಕೆಯ ಇಡೀ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದುವುದು. ಯಜಮಾನನ ಹೆಸರು, ಅವನ ಅಪ್ಪನ ಹೆಸರು, ಅಂಗಳದ ಹುಣಸೆ ಮರ, ಎಲ್ಲವನ್ನೂ ತಾಳೆ ನೋಡುವುದು. ಭಾವನ ಲ್ಯಾಪ್‌ಟಾಪು ಹಳೆಯದು. ಅದು ಕೆಲಸ ಶುರುಮಾಡಿದರೆ ಟ್ರಾಲರ್ ದೋಣಿ ದಡಕ್ಕೆ ಬಂದ ಹಾಗೆ ಸದ್ದು. ಪಕ್ಕದ ಮನೆಯ ಅಜ್ಜಿ ಮೀನು ಬಂತೆಂದು ಬುಟ್ಟಿ ಹಿಡಿದು ಹೊರಗೆ ಬಂದದ್ದೂ ಉಂಟು.

ಉತ್ತರ ಬರಲು ಮುಕ್ಕಾಲು ಗಂಟೆ. ಅಷ್ಟು ಹೊತ್ತು ತಮ್ಮನನ್ನು ಬರಿಗೈಯಲ್ಲಿ ಕೂರಿಸುವುದು ಹೇಗೆಂದು ಅಕ್ಕ ಬಂಗಡೆ ಮೀನು ಹುರಿದು ಕೊಡುತ್ತಿದ್ದಳು. ಒಂದು ದಿನ ತಿಸ್ರೆ ಚಿಪ್ಪಿಯ ಸುಕ್ಕೆ ಪಲ್ಯವೂ ಆಯಿತು. ಆದರೂ ನನ್ನೊಳಗಿನ ತಜ್ಞ ಸುಮ್ಮನಿರಲಿಲ್ಲ.

ಶೆಟಗೇರಿಯ ಒಂದು ಮನೆಗೆ ನಾನೂ ಭಾವನೂ ಹೇಳಿಕೆಗೆ ಹೋಗಿದ್ದೆವು. ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂದು ನೋಡಲು ಭಾವ ಮೆಟ್ಟಿಲ ಬಳಿ ನಿಂತು ಅಲ್ಲಿದ್ದ ಚಪ್ಪಲಿಗಳನ್ನೆಲ್ಲ ಎಣಿಸತೊಡಗಿದರು.

"ಅಲ್ಲ ಭಾವಾ, ಒಂದು ಜೊತೆ ಕಂಡ್ರೆ ಸಾಕಲ್ಲ, ಒಳಗೆ ಜನ ಇದ್ದಾರೆ ಅಂತ? ಎಲ್ಲಾ ಎಂತಕ್ಕೆ ಎಣಿಸೂದು?" ಎಂದೆ. ಅಂದವನು ನನ್ನ ಬುದ್ಧಿಗೆ ನಾನೇ ಬೆರಗಾಗಿ ಮೆಟ್ಟಿಲ ಮೇಲೆ ಕೂತೆ. ಕ್ವೆರಿಗೂ ಅಷ್ಟೇ ತಾನೇ! ಒಂದು ಮನೆಗೆ ಒಂದು ಹೇಳಿಕೆ ಕಂಡಕೂಡಲೇ ನಿಲ್ಲಬೇಕು, ಮುಂದಿನ ಮನೆಗೆ ಹೋಗಬೇಕು. ಹುಣಸೆ ಮರ ಬಿಟ್ಟು ಮನೆಗೊಂದು ನಂಬರು ಕೊಟ್ಟರೆ ಮುಗಿಯಿತು.

ಅಂದೇ ಸಂಜೆ ತಿದ್ದಿ ಬರೆದು ಗುಂಡಿ ಒತ್ತಿದೆ. ಬೆರಳು ಮೇಲೇಳುವ ಮೊದಲೇ ಉತ್ತರ ಬಂದು ಕೂತಿತ್ತು. ಅಕ್ಕನನ್ನು ಕರೆದೆ. ಅವಳು ಇನ್ನೂ ಬಂಗಡೆಗೆ ಮಸಾಲೆ ಸವರುತ್ತಿದ್ದಳು.

"ಏಳ್ನೂರು ಮನೆನೂ ನೋಡ್ತಾ ಇದು?"

"ಎಲ್ಲಾ ನೋಡ್ತು."

"ಸುಳ್ಳು. ಗೇಟಿನಲ್ಲೇ ಇಣುಕಿ ಓಡಿ ಬಂದದ್ದು. ನಿಧಾನಕ್ಕೆ ಇನ್ನೊಂದು ಸಲ ನೋಡೂಕೆ ಹೇಳು." ಅವಳು ಅಸಮಾಧಾನದಲ್ಲಿ ಒಲೆ ಆರಿಸಿದಳು. ನಾನು ಹಸಿದು ಕಾರವಾರಕ್ಕೆ ಬಂದೆ.

ಮರುದಿನ ಕ್ವೆರಿಗೆ ಒಂದು ಸುಧಾರಣೆ ಮಾಡಿದೆ. ಉತ್ತರ ಕ್ಷಣದಲ್ಲೇ ಸಿಗುತ್ತದೆ, ಆದರೆ ಅದನ್ನು ತೋರಿಸುವ ಮುಂಚೆ ಪರದೆಯ ಮೇಲೆ ಒಂದು ಚಕ್ರ ಮುಕ್ಕಾಲು ಗಂಟೆ ಸುಮ್ಮನೆ ತಿರುಗುತ್ತದೆ. "ಈಗ ಸಮಾ ಆಯ್ತು ನೋಡು" ಎಂದಳು ಅಕ್ಕ. ಬಂಗಡೆಯೂ ಸಮಾ ಆಗಿತ್ತು.

ಮನೆಗೆ ಬಂದು ಊಟ ಬೇಡ ಎಂದಾಗ ಹೆಂಡತಿ ಕೇಳಿದಳು: "ಅಲ್ಲಿ ನೀವು ಕಂಪ್ಯೂಟರ್ ನೋಡ್ತೀರೋ, ಬಂಗಡೆ ನೋಡ್ತೀರೋ?"

"ಅದು ತಿರುಗೂವಾಗ ಇದು, ಇದು ಮುಗಿಯೂವಾಗ ಅದು" ಎಂದೆ. "ಒಂದೇ ಹೊತ್ತಿಗೆ ಎರಡು ಕೆಲಸ. ದೊಡ್ಡ ದೊಡ್ಡ ಯಂತ್ರಗಳೆಲ್ಲ ಹೀಗೇ."

೩. ಅಮದಳ್ಳಿಯ ಮೂರನೇ ಭೇಟಿ

ಭಾವ ಒಬ್ಬರೇ ಹೋದರೆ ಕುಂಕುಮ ಕೊಡುವುದು ಮರೆಯುತ್ತಾರೆ ಎಂದು ಅಕ್ಕನಿಗೆ ಚಿಂತೆ. "ನಾ ಹೋಗದ ಮನೆ ಯಾವ್ಯಾವುದು, ಒಂದು ಸಲ ತೋರ್ಸು" ಎಂದಳು. ನನಗೆ ಅದು ಎಡಗೈ ಕೆಲಸ. ಕ್ವೆರಿಯಲ್ಲಿ, ಹೇಳಿದವಳು ಅಕ್ಕನೇ ಆಗಿರಬೇಕು ಎಂದು ಒಂದು ಷರತ್ತು ಸೇರಿಸಿ ತೋರಿಸಿದೆ. ಆಮೇಲೆ ಆ ಷರತ್ತನ್ನು ತೆಗೆಯಲು ಮರೆತೆ.

ಪರಿಣಾಮ, ಭಾವ ಒಬ್ಬರೇ ಹೇಳಿ ಬಂದ ಮನೆಗಳೆಲ್ಲ ಹೇಳಿಕೆ ಆಗದ ಮನೆಗಳೆಂದು ಮತ್ತೆ ಎದ್ದು ಬಂದವು. ಮೊದಲನೆಯದು ಅಮದಳ್ಳಿಯ ಒಬ್ಬ ದೋಣಿ ಮಾಲೀಕರ ಮನೆ. ನನ್ನ ದಾರಿಯಲ್ಲೇ ಇದೆಯಲ್ಲ ಎಂದು ನಾನೇ ಹೋದೆ. ಹಿರಿಯರು ಅಂಗಳದಲ್ಲಿ ಬಲೆ ಸರಿಮಾಡುತ್ತ ಕೂತಿದ್ದರು.

"ಸೋಮವಾರ ನಿನ್ನ ಭಾವ ಬಂದಿದ್ನಲ್ಲೋ" ಎಂದರು.

"ಪ್ರೀತಿಗೆ ಇನ್ನೊಂದು ಸಲ" ಎಂದು ಹೇಳಿ, ಬೆಲ್ಲ-ನೀರು ಕುಡಿದು ಬಂದೆ.

ಮರುದಿನ ನೋಡಿದರೆ ಅದೇ ಮನೆ ಪಟ್ಟಿಯಲ್ಲಿ ಮತ್ತೆ ಹಾಜರು! ಹೇಗೆ ಇರದೆ ಇದ್ದೀತು, ನಾನೂ ಅಕ್ಕ ಅಲ್ಲವಲ್ಲ! ಆದರೆ ಆಗ ಅದು ಹೊಳೆಯಲಿಲ್ಲ. ಕಂಪ್ಯೂಟರಿಗೆ ನನಗೆ ತಿಳಿಯದ್ದೇನೋ ತಿಳಿದಿದೆ ಎಂದು ಅಕ್ಕನನ್ನೇ ಕರೆದುಕೊಂಡು ಹೋದೆ.

ಹಿರಿಯರು ಬಲೆ ಕೆಳಗಿಟ್ಟರು. ಒಳಗಿದ್ದ ಹೆಂಡತಿಯನ್ನೂ ಕರೆದರು. ಅಕ್ಕನ ಮುಖವನ್ನೇ ನೋಡುತ್ತ ಮೆಲ್ಲನೆ ಕೇಳಿದರು: "ತಂಗೀ, ಖರೇ ಹೇಳು. ಹುಡುಗ ಬದಲಾದ್ನಾ?"

ಅಕ್ಕ ಅವರಿಗೆ ಸಮಾಧಾನ ಹೇಳುವಷ್ಟರಲ್ಲಿ ಬೆವತುಹೋದಳು. ನಾನು ಎಲ್ಲ ತಪ್ಪನ್ನೂ ಒಪ್ಪಿಕೊಂಡು ಭಾವನ ಮೇಲೆ ಹಾಕಿದೆ. ಕೊನೆಗೆ ಹಿರಿಯರು ನಕ್ಕು ಬಲೆ ಎತ್ತಿಕೊಂಡರು. "ಆಯ್ತು, ಬರ್ತೇವೆ. ಆದ್ರೆ ಮೂರು ಸಲ ಹೇಳಿಸ್ಕೊಂಡು ಒಂದು ಟೆಂಪೋದಲ್ಲಿ ಬಂದ್ರೆ ನಿಮಗೇ ಅವಮಾನ. ಮೂರು ಟೆಂಪೋ ಮಾಡಿಸ್ತೇನೆ."

೪. ಪಟ್ಟಿ ಖಾಲಿ

ಷರತ್ತು ತೆಗೆದೆ. ಲಾಯ್ಕ ಚಾ ಕೊಟ್ಟ ಮನೆ ಯಾವುದೆಂದು ಭಾವನಿಗೆ ಕೊನೆಗೂ ನೆನಪಾಯಿತು, ಖಾಲಿ ಜಾಗ ತುಂಬಿಸಿದೆ. ಅಕ್ಕ ಅಗಸೂರಿನ ಆ ಮನೆಗೆ ಹೋಗಿ ಹೇಳಿ ಬಂದಳು. ಅವರು ಅಷ್ಟು ವರ್ಷಗಳ ಸಿಟ್ಟನ್ನು ಒಂದು ಗಂಟೆ ಆಡಿ ತೋರಿಸಿ, ಬರುವಾಗ ಎರಡು ತೆಂಗಿನಕಾಯಿ ಕೊಟ್ಟು ಕಳಿಸಿದರು. ಮದುವೆಯ ಹಿಂದಿನ ದಿನ ಮಧ್ಯಾಹ್ನ ಕೊನೆಯ ಬಾರಿ ಕ್ವೆರಿ ಓಡಿಸಿದೆ. ಉತ್ತರ ಸೊನ್ನೆ. ಈ ಸಲ ಒಂದೊಂದು ಸಾಲನ್ನೂ ಕೈಯಿಂದಲೂ ತಾಳೆ ನೋಡಿದೆ. ಅಪ್ಪಟ, ಪ್ರಾಮಾಣಿಕ ಸೊನ್ನೆ.

"ಒಂದೂ ಮನೆ ಬಿಡ್ಲಿಲ್ವಾ ತಮಾ?"

"ಒಂದೂ ಇಲ್ಲ ಅಕ್ಕಾ."

ಅಕ್ಕ ತಿಂಗಳಲ್ಲಿ ಮೊದಲ ಸಲ ಗೋಡೆಗೆ ಒರಗಿ ಕೂತು ಕಾಲು ಚಾಚಿದಳು.

ಮದುವೆಯ ಬೆಳಿಗ್ಗೆ ಕಾರವಾರದ ನಮ್ಮ ಮನೆಯ ಗೇಟಿಗೆ ಕಾರು ಬಂದು ನಿಂತಿತ್ತು. ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವನಾದ ನಾನು. ರೇಷ್ಮೆ ಪಂಚೆ ಉಟ್ಟು ಕೋಣೆಯಿಂದ ಹೊರಗೆ ಬಂದು ನೋಡುತ್ತೇನೆ, ಹೆಂಡತಿ ಹಳೆಯ ಸೀರೆಯಲ್ಲಿ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದಾಳೆ.

"ಇದೆಂತದು, ಹೊರಡೂದಿಲ್ವಾ?"

"ಎಲ್ಲಿಗೆ?"

"ಮದುವೆಗೆ!"

"ಯಾರ ಮದುವೆ? ನಮ್ಮ ಮನೆಗೆ ಯಾರೂ ಹೇಳಿಕೆಗೆ ಬಂದಿಲ್ಲವಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ಲ್ಯಾಪ್‌ಟಾಪಿನಿಂದ ತಂದ ಮನೆಗಳ ಪಟ್ಟಿ ಮೊಬೈಲಿನಲ್ಲಿತ್ತು, ತೆಗೆದು ಹುಡುಕಿದೆ. ನಮ್ಮ ಎಡಗಡೆಯ ಮನೆ ಇದೆ. ಬಲಗಡೆಯ ಮನೆ ಇದೆ. ಎದುರಿನ ಬಾಡಿಗೆ ಮನೆಯಲ್ಲಿ ಹೋದ ತಿಂಗಳು ಬಂದವರೂ ಇದ್ದಾರೆ. ನಮ್ಮ ಮನೆ ಮೊದಲ ಪಟ್ಟಿಯಲ್ಲೇ ಇಲ್ಲ. ನಮ್ಮ ಕೇರಿಯ ಮಟ್ಟಿಗೆ ನಾನು ಅಂಗಳದಲ್ಲಿ ನಿಂತು ಸುತ್ತ ನೋಡಿ ಬರೆದ ಪಟ್ಟಿ ಅದು; ಬೆನ್ನ ಹಿಂದೆ ಇದ್ದದ್ದು ಕಾಣಲಿಲ್ಲ. ಇಲ್ಲದ ಮನೆಗೆ ಹೇಳಿಕೆ ಆಗಿಲ್ಲ ಎಂದು ಕ್ವೆರಿ ಹೇಳುವುದಾದರೂ ಹೇಗೆ?

"ತಿಂಗಳಿಂದ ಕಾಯ್ತಾ ಇದ್ದೇನೆ" ಎಂದಳು, ಸೊಪ್ಪಿನ ಮೇಲಿಂದ ಕಣ್ಣೆತ್ತದೆ. "ನಿಮ್ಮ ಯಂತ್ರ ಯಾವಾಗ ನಮ್ಮ ಮನೆ ಹೆಸರು ಹೇಳ್ತದೆ ಅಂತ. ಹೇಳಿಕೆ ಶುರುವಾಗೂದೇ ಸೋದರಮಾವನ ಮನೆಯಿಂದ. ನಮ್ಮದು ಕೊನೆಗೂ ಇಲ್ಲ."

ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಅಯ್ಯೋ ದೇವರೇ. ನೀ ಹೇಳಿರ್ತೆ ಅಂತ ನಾ, ನಾ ಹೇಳಿರ್ತೆ ಅಂತ ನಿನ್ನ ಭಾವ. ಅವಳು ಹೇಳೂದು ಸಮಾ ಇದೆ ತಮಾ. ನಾನಾದ್ರೂ ಬರ್ತಿರಲಿಲ್ಲ. ಅವಳಿಗೆ ಫೋನ್ ಕೊಡು ಅಂತ ಹೇಳೂಕೂ ನನಗೆ ಮುಖ ಇಲ್ಲ. ಈಗ ನಾ ಅಲ್ಲಿಗೆ ಬಂದು ಹೇಳಿ ತಿರುಗಿ ಬರೂದ್ರೊಳಗೆ ಮುಹೂರ್ತ ಮುಗೀತದೆ. ಕಾರವಾರದ ಮನೆಗಳಿಗೆಲ್ಲ ಹೇಳಿದವ ನೀನೇ ಅಲ್ವಾ? ಈ ಮನೆಗೂ ನೀನೇ ಹೇಳು. ಸರಿಯಾಗಿ ಹೇಳು, ಕೇಳ್ತಾ?"

ಚೀಲದಲ್ಲಿ ಒಂದು ಮದುವೆ ಕಾಗದ ಉಳಿದಿತ್ತು. ಅದರ ಮೇಲೆ ನನ್ನ ಹೆಸರನ್ನೇ ಬರೆದೆ. ದೇವರ ಮುಂದಿನ ಕುಂಕುಮದ ಬಟ್ಟಲು ಹಿಡಿದು, ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಚಪ್ಪಲಿ ಹಾಕಿ, ಗೇಟಿನ ತನಕ ನಡೆದು, ತಿರುಗಿ ಬಂದು, ಚಪ್ಪಲಿ ಬಿಟ್ಟು, ನಮ್ಮ ಮನೆಯ ಬಾಗಿಲನ್ನು ತಟ್ಟಿದೆ. ಕಾರಿನ ಚಾಲಕ ಕನ್ನಡಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದ.

ಬಾಗಿಲು ತಡವಾಗಿ ತೆರೆಯಿತು. ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದಳು, ಮುಡಿಗೆ ಅಬ್ಬಲಿಗೆ ಹೂವೂ ಏರಿತ್ತು. ಆದರೆ ಮುಖದಲ್ಲಿ ಗುರುತಿನ ಸುಳಿವೇ ಇಲ್ಲ.

"ಬನ್ನಿ, ಕೂತ್ಕೊಳ್ಳಿ. ಎಲ್ಲಿಂದ ಬಂದದ್ದು?"

"ಅಂಕೋಲೆ ಕಡೆಯಿಂದ" ಎಂದೆ. ಅವಳು ಬೆಲ್ಲ-ನೀರು ತಂದಿಟ್ಟಳು. ಹುಡುಗನ ಊರು ಯಾವುದು, ಎಂತ ಕೆಲಸ, ಅಣ್ಣತಮ್ಮಂದಿರು ಎಷ್ಟು, ಎಲ್ಲವನ್ನೂ ವಿಚಾರಿಸಿದಳು. ಹೊರಗೆ ಕಾರು ಹಾರ್ನ್ ಹೊಡೆಯಿತು. ನಾನು ಕುಂಕುಮ ಕೊಟ್ಟು, ಕಾಗದ ಮುಂದಿಟ್ಟು, ಕೈಮುಗಿದು, "ನಾಲ್ಕು ದಿನ ಮೊದಲೇ ಬಂದು, ತಾವೆಲ್ಲ ನಿಂತು ನಡೆಸಿಕೊಡಬೇಕು" ಎಂದೆ.

ಅವಳು ಕಾಗದ ತೆಗೆದುಕೊಂಡು ಎರಡು ಬದಿಯನ್ನೂ ನಿಧಾನವಾಗಿ ಓದಿದಳು.

"ನನಗೇನೋ ಬರೂಕೆ ಮನಸ್ಸಿದೆ" ಎಂದಳು. "ಆದ್ರೆ ನಮ್ಮ ಮನೆಯವರು ಈಗಷ್ಟೇ ಹೊರಗೆ ಹೋದ್ರು. ಬಂದಮೇಲೆ ಅವರನ್ನೊಂದು ಮಾತು ಕೇಳಿ ಹೇಳ್ತೇನೆ, ಆಗೂದಾ?"