ಕಪಾಟಿನಲ್ಲಿ ಮಾವನ ಮೀಸೆ

ಬಣ್ಣದ ಡಬ್ಬಿ ಹಿಡಿದವನಿಗೆ ನೆಟ್ಟಗೆ ಮುಗಿದ ಕೆಲಸ ಒಂದೂ ನೆನಪಿರುವುದಿಲ್ಲ. ಎಡವಟ್ಟಾದವು ಮಾತ್ರ ಮೊನ್ನೆ ಆದಂತೆ ಕಣ್ಣ ಮುಂದೆ ನಿಲ್ಲುತ್ತವೆ. ನಾನು ಗೋಕಾಕಿನಲ್ಲಿ ಬಾಗಿಲು, ಕಿಟಕಿ, ಕಪಾಟುಗಳಿಗೆ ಬಣ್ಣ ಹಚ್ಚಿಕೊಂಡು ಹೊಟ್ಟೆ ಹೊರೆದವನು. ನನ್ನ ಎಡವಟ್ಟುಗಳಲ್ಲಿ ದೊಡ್ಡವೆಲ್ಲ ಒಂದೇ ಚಳಿಗಾಲದಿಂದ ಯುಗಾದಿಯವರೆಗೆ ಸಾಲಾಗಿ ಬಂದವು. ಸ್ವಾತಂತ್ರ್ಯ ಬಂದು ಹತ್ತು-ಹನ್ನೊಂದು ವರ್ಷವಾಗಿತ್ತು. ನನಗೆ ಮದುವೆಯ ವಯಸ್ಸು. ಎಲ್ಲದಕ್ಕೂ ಅದೇ ಮೂಲ.

೧. ಬ್ರಶ್ಶಿನ ಮೀಸೆ

ಹುಕ್ಕೇರಿಯಲ್ಲಿ ನನ್ನ ಸೋದರಮಾವನ ಕಿರಾಣಿ ಅಂಗಡಿ. ಅವನ ಮಗಳನ್ನು ನನಗೇ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಅವಳು ದೊಡ್ಡವಳಾದ ಮೇಲೆ ಮಾವನ ಮನಸ್ಸು ಅತ್ತಿತ್ತ ಆಡತೊಡಗಿತು. ಕಣಗಲಾದ ಕಡೆಯಿಂದ ನೌಕರಿಯ ಹುಡುಗನೊಬ್ಬ ಕೇಳಿಕೊಂಡು ಬಂದಿದ್ದನಂತೆ. ಆದರೆ ಮಾತು ಕೊಟ್ಟದ್ದು ಸ್ವಂತ ಅಕ್ಕನಿಗೆ, ಅಂದರೆ ನಮ್ಮವ್ವನಿಗೆ. ಬಾಯಿಬಿಟ್ಟು ಇಲ್ಲ ಅನ್ನುವ ಧೈರ್ಯ ಅವನಿಗಿರಲಿಲ್ಲ. ಅದಕ್ಕೇ ನನ್ನ ಕೈಗುಣ ನೋಡಬೇಕೆಂದು ನೆಪ ತೆಗೆದು ಮನೆಯ ಹಳೆಯ ತೇಗದ ಕಪಾಟು ತೋರಿಸಿದ.

ಎರಡು ದಿನ ಉಸಿರು ಹಿಡಿದು ಬ್ರಶ್ಶಿನಿಂದ ಹಸಿರು ಬಣ್ಣ ಹಚ್ಚಿದೆ. ಮಾವನಿಗೆ ಬೆಳ್ಳನೆಯ ದಪ್ಪ ಮೀಸೆ. ದಿನಾ ಬೆಣ್ಣೆ ಸವರಿ ತೀಡುತ್ತಿದ್ದ. ಬಣ್ಣ ಒಣಗಿದ ಮೇಲೆ ಬಂದು ಕಪಾಟಿನ ಬಾಗಿಲ ಮುಂದೆ ಆ ಮೀಸೆ ತಿರುವುತ್ತ ನಿಂತ.

"ಅಳಿಯಾ, ಇದರಾಗ ನನ್ನ ಮೀಸಿ ಕಾಣವಲ್ದು. ನಿನ್ನ ಬ್ರಶ್ಶಿನ ಮೀಸಿ ಕಾಣಾಕತ್ತೈತಿ."

ಸುಳ್ಳಲ್ಲ. ಬಾಗಿಲ ತುಂಬ ಬ್ರಶ್ಶಿನ ಗೆರೆ, ನಡುವೆ ಎರಡು ಕೂದಲು ಅಂಟಿದ್ದವು. ಜೊತೆಗೆ ಬಂದಿದ್ದ ಅವ್ವನ ಎದುರಿಗೇ ಮಾವ ಕರಾರು ಹಾಕಿದ: ಯುಗಾದಿಯೊಳಗೆ ಈ ಕಪಾಟಿನಲ್ಲಿ ತನ್ನ ಮೀಸೆ ಕಾಣಬೇಕು. ಕಂಡರೆ ಹುಡುಗಿ ನನ್ನವಳು, ಕಾಣದಿದ್ದರೆ ಕಣಗಲಾದವರಿಗೆ ಹೂಂ ಅನ್ನುತ್ತಾನೆ.

ನಾನು ತಲೆ ತಗ್ಗಿಸಿ ಹೊರಟೆ. ಕೋಣೆಯ ಬಾಗಿಲ ಮರೆಯಲ್ಲಿದ್ದ ಹುಡುಗಿ ಆ ಎರಡು ಕೂದಲನ್ನು ಉಗುರಿನಿಂದ ಕಿತ್ತು ತಂದು ನನ್ನ ಅಂಗೈಯಲ್ಲಿಟ್ಟಳು. "ತಗೋರಿ, ನಿಮ್ಮ ಬ್ರಶ್ ಬೋಳಾದೀತು."

೨. ಮೂಡಲಗಿಯ ಚುಕ್ಕಿ

ಕೂದಲು ಬೇಡವೆಂದರೆ ಗಾಳಿಯಿಂದ ಬಣ್ಣ ಹೊಡೆಯಬೇಕು. ಗಾಳಿಯ ಸಾಧನವೆಂದು ನನಗೆ ಗೊತ್ತಿದ್ದುದು ಸೊಳ್ಳೆಗೆ ಹೊಡೆಯುವ ಕೈಪಂಪು ಒಂದೇ. ಹೊಸದೊಂದು ಕೊಂಡು, ಮೂಡಲಗಿಯ ಮಾಸ್ತರರೊಬ್ಬರ ಮನೆಯ ಕಪಾಟಿನ ಮೇಲೆ ಕೈ ನೋಡಿಕೊಳ್ಳಲು ಹೋದೆ. ಪಂಪು ಒತ್ತಿದಾಗೊಮ್ಮೆ ಫುಸ್ ಎಂದು ನಾಲ್ಕು ಹನಿ ಉಗುಳುತ್ತಿತ್ತು, ಆಮೇಲೆ ಕೆಮ್ಮುತ್ತಿತ್ತು. ಸಂಜೆಯ ಹೊತ್ತಿಗೆ ಕಪಾಟಿನ ಮೈತುಂಬ ನೀಲಿ ಚುಕ್ಕಿ.

ನನಗೆ ಅಳು ಬರುವುದೊಂದು ಬಾಕಿ. ಮಾಸ್ತರರು ಏನೋ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಹೆಂಡತಿ ಬಂದು ನೋಡಿ, ಇಂಥ ಚೆಂದದ ನಮೂನೆ ಮುಂಬೈಯಲ್ಲೂ ಇರಲಿಕ್ಕಿಲ್ಲ ಎಂದು ಹಿಗ್ಗಿಬಿಟ್ಟರು. ಮಾಸ್ತರರು ತೆರೆದ ಬಾಯಿ ಮುಚ್ಚಿಕೊಂಡರು.

ಮರುದಿನ ಆ ಓಣಿಯ ಮೂರು ಮನೆಯಿಂದ ಕರೆ ಬಂತು, ತಮಗೂ ಚುಕ್ಕಿಯದೇ ಬೇಕೆಂದು. ತಿಳಿದು ಮಾಡಿದ್ದಾದರೆ ಮಾಡಿಕೊಡುತ್ತಿದ್ದೆ. ಮೂರೂ ಮನೆಯಲ್ಲಿ ಆ ಹಾಳು ಪಂಪು ಕೆಮ್ಮದೆ ಒಂದೇ ಸಮನೆ ಹೊಡೆಯಿತು. ಚುಕ್ಕಿ ಬರಲಿಲ್ಲವೆಂದು ಮೂವರೂ ಬೈದು ಕಳಿಸಿದರು.

೩. ಕುಲಗೋಡದ ತಗಣಿ

ಯಾವಾಗ ಕೆಮ್ಮುತ್ತದೋ ಹೇಳಲಾಗದ ಆ ಕೈಪಂಪಿನಿಂದ ಮಾವನ ಕಪಾಟು ಮುಟ್ಟುವ ಧೈರ್ಯ ಬರಲಿಲ್ಲ. ಸುಣ್ಣ ಹೊಡೆಯುವ ಬಕೆಟ್ ಪಂಪು ತಂದೆ. ಬಕೆಟ್ಟಿನಲ್ಲಿ ಬಣ್ಣ ಸುರುವಿ, ಒಂದು ಕಾಲಲ್ಲಿ ಪಂಪು ಒತ್ತಿ ಹಿಡಿದು, ಒಂದು ಕೈಯಿಂದ ಜಗ್ಗಾಡುತ್ತ ಇನ್ನೊಂದು ಕೈಯಿಂದ ಹೊಡೆಯಬೇಕು. ಕುಲಗೋಡದ ರೈತರೊಬ್ಬರು ಗೋಡೆಗೆ ಸುಣ್ಣ, ಕಪಾಟಿಗೆ ಬಣ್ಣ ಎರಡೂ ಒಪ್ಪಿಸಿದ್ದರು. ನಾನು ಮರೆತದ್ದು ಒಂದೇ: ಮಲೇರಿಯಾ ಔಷಧ ಹೊಡೆಯುವ ಸರಕಾರದವರು ಊರೂರು ತಿರುಗುತ್ತಿದ್ದುದು ಇಂಥದೇ ಪಂಪು ಹೊತ್ತುಕೊಂಡು.

ಬಸ್ಸಿಳಿದು ಊರೊಳಗೆ ಕಾಲಿಟ್ಟದ್ದೇ ತಡ, ಬಾಗಿಲುಗಳು ಸಾಲಾಗಿ ಮುಚ್ಚಿಕೊಂಡವು. ನನ್ನನ್ನು ಕರೆಸಿದ ರೈತರು ಹೊಲಕ್ಕೆ ಹೋಗಿದ್ದರು. ಅವರ ತಾಯಿ ಹೊಸ್ತಿಲಿಗೆ ಅಡ್ಡ ಕೂತು, ಹೋದ ಸಲ ಔಷಧ ಹೊಡೆದು ನಮ್ಮ ಬೆಕ್ಕು ಸತ್ತಿತು, ಸೊಳ್ಳೆ ಒಂದೂ ಸಾಯಲಿಲ್ಲ ಎಂದು ಲೆಕ್ಕ ಒಪ್ಪಿಸಿದಳು. ನಾನು ಡಬ್ಬಿಯ ಮುಚ್ಚಳ ತೆಗೆದು ತೋರಿಸಿ, ಇದು ಔಷಧವಲ್ಲ, ಬರೀ ಬಣ್ಣ ಎಂದೆ.

"ಹಂಗಾದ್ರ ತಗಣಿನೂ ಸಾಯಂಗಿಲ್ಲೇನು?"

ತಿಗಣೆಯೂ ಸಾಯುವುದಿಲ್ಲ ಎಂದೆ.

"ಮತ್ತ ಯಾಕ ಹೊಡಿತಿ?"

ನಾನು ಡಬ್ಬಿಯ ಮುಚ್ಚಳ ಹಾಕಿ ಕಟ್ಟೆಯ ಮೇಲೆ ಕೂತೆ. ಮಗ ಬಂದ ಮೇಲೆ ಒಳಗೆ ಬಿಟ್ಟಳು. ಗೋಡೆ ಚೆಂದಾಯಿತು. ಕಪಾಟಿನ ಮೇಲೆ ಮಾತ್ರ ಬಣ್ಣ ನಿಲ್ಲದೆ ಧಾರೆಯಾಗಿ ಇಳಿದು ನೆಲ ಸೇರಿತು. ಮುದುಕಿ ಬಗ್ಗಿ ನೋಡಿ, ನೆಲದ ಬಣ್ಣ ಭಾಳ ಛಲೋ ಬಂದೈತಿ ಎಂದಳು.

೪. ಹುಕ್ಕೇರಿಯಲ್ಲಿ ಗಿರಣಿ

ಯುಗಾದಿಗೆ ಮೂರು ದಿನ ಉಳಿದಿತ್ತು. ಗೋಕಾಕಿನ ಗ್ಯಾರೇಜಿನಲ್ಲಿ ಬಸ್ಸುಗಳಿಗೆ ಗಾಳಿಯ ಒತ್ತಡದ ಗನ್ನಿನಿಂದ ಬಣ್ಣ ಹೊಡೆಯುವ ಮಿಸ್ತ್ರಿಯೊಬ್ಬರಿದ್ದರು. ಅವರ ಮುಂದೆ ಹೋಗಿ ಎಲ್ಲ ಹೇಳಿಕೊಂಡೆ. ಮಿಸ್ತ್ರಿ ಬೀಡಿ ಆರಿಸಿ ಅಂದರು, "ಸೊಳ್ಳಿ ಪಂಪು ಸೊಳ್ಳಿಗೆ, ಸುಣ್ಣದ ಪಂಪು ಗ್ವಾಡಿಗೆ, ಗನ್ನು ಕಪಾಟಿಗೆ. ಇಷ್ಟ ತಿಳ್ಕೊಳ್ಳಾಕ ಎರಡ ಊರ ಕೆಡಿಸಿ ಬಂದ್ಯಾ?"

ಬೈದರೂ ಜೊತೆಗೆ ಹೊರಟರು. ಒಂದು ಮದುವೆ ತಮ್ಮ ಗನ್ನಿನಿಂದ ನಿಂತಿತು ಅನ್ನಿಸಿಕೊಳ್ಳುವ ಆಸೆ ಅವರಿಗೂ ಇತ್ತು. ಗಾಳಿಯ ಟಾಕಿ, ಅದನ್ನು ತುಂಬಿಸುವ ಎಣ್ಣೆಯ ಇಂಜಿನ್ನು, ಗನ್ನು ಎಲ್ಲವನ್ನೂ ಬೆಲ್ಲದ ಲಾರಿಯಲ್ಲಿ ಹೇರಿಕೊಂಡು ಯುಗಾದಿಯ ಹಿಂದಿನ ದಿನ ಹುಕ್ಕೇರಿ ಮುಟ್ಟಿದೆವು.

ಮಾವನ ಮನೆಯ ಮುಂದೆ ಇಂಜಿನ್ನು ಟುಕ್ ಟುಕ್ ಎಂದು ಶುರುವಾಯಿತು. ತುಸು ಹೊತ್ತಿಗೆ ಬಾಗಿಲಲ್ಲಿ ಹೆಂಗಸರು ಜೋಳದ ಬುಟ್ಟಿ ಹೊತ್ತು ಪಾಳಿ ಹಚ್ಚಿ ಸಾಲಾಗಿ ನಿಂತರು. ಮಾವ ಹೊಸ ಹಿಟ್ಟಿನ ಗಿರಣಿ ಹಾಕಿಸಿದ್ದಾನೆಂದು ಓಣಿಗೆಲ್ಲ ಸುದ್ದಿಯಾಗಿತ್ತು. ಇದು ಬಣ್ಣ ಹೊಡೆಯುವ ಯಂತ್ರ ಎಂದು ಕೈಮುಗಿದು ಹೇಳಿದೆ. ಎಲ್ಲರೂ ಗೊಣಗುತ್ತ ತಿರುಗಿದರು, ಒಬ್ಬ ಅಜ್ಜಿ ಮಾತ್ರ ಬುಟ್ಟಿ ಇಳಿಸಿ ಕೂತೇಬಿಟ್ಟಳು.

"ಬಣ್ಣ ಆಮ್ಯಾಲ ಹೊಡಿಯಂತ. ಹೆಂಗೂ ಚಾಲೂ ಐತಿ, ಮೊದಲ ನನ್ನ ಎರಡ ಸೇರ ಬೀಸಿಕೊಡು."

೫. ಮೀಸೆ ಕಂಡಿತು

ಮಿಸ್ತ್ರಿ ಹೇಳಿದಂತೆ ಹಳೆಯ ಬಣ್ಣ ಉಜ್ಜಿ ತೆಗೆದು, ಗನ್ನು ಕಪಾಟಿನಿಂದ ಒಂದು ಗೇಣು ದೂರ ಹಿಡಿದು, ಕೈ ಎಲ್ಲೂ ನಿಲ್ಲಿಸದೆ ಹೊಡೆದೆ. ಗೆರೆ ಇಲ್ಲ, ಚುಕ್ಕಿ ಇಲ್ಲ, ಇಳಿದ ಧಾರೆ ಇಲ್ಲ. ಹಸಿರು ಬಾಗಿಲು ಫಳಫಳ ಹೊಳೆಯಿತು. ಮಿಸ್ತ್ರಿ, ನಾಳೆ ಮುಂಜಾನೆವರೆಗೆ ಯಾರೂ ಹತ್ತಿರ ಹೋಗಬಾರದು ಎಂದು ತಾಕೀತು ಮಾಡಿದರು.

ಹಸಿ ಬಣ್ಣ ಕಂಡರೆ ಒಣಗಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡದೆ ಮುಂದೆ ಹೋಗುವ ಮನುಷ್ಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಮಾವನಿಗೂ ಅದು ಗೊತ್ತು. ತಾನೇ ಬಡಿಗೆ ಹಿಡಿದು ಮನೆಯ ಬಾಗಿಲಲ್ಲಿ ಕಾವಲು ಕೂತ. ಓಣಿಯವರನ್ನು ಅಟ್ಟಿದ. ಬೆಕ್ಕನ್ನು ಅಟ್ಟಿದ. ಹಬ್ಬಕ್ಕೆಂದು ಬಂದಿದ್ದ ನಮ್ಮವ್ವ ಇಣುಕಿದರೆ, ಸ್ವಂತ ಅಕ್ಕನೆನ್ನದೆ ಅವಳನ್ನೂ ಕಟ್ಟೆಗೆ ಕಳಿಸಿದ. ನಾವೆಲ್ಲ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದಾಗ ಒಳಗಿಂದ ಮಾವನ ದನಿ ಬಂತು. ಮೂಗಿನಿಂದ ಮಾತಾಡಿದಂತಿತ್ತು.

ಓಡಿಹೋಗಿ ನೋಡಿದರೆ ಮಾವ ಕಪಾಟಿನ ಮುಂದೆ ಬಗ್ಗಿ ನಿಂತಿದ್ದಾನೆ. ಎರಡೂ ಕೈ ಗಾಳಿಯಲ್ಲಿ, ಮೀಸೆ ಬಾಗಿಲಲ್ಲಿ. ಸಂಜೆಯ ಬೆಳಕಿನಲ್ಲಿ ಅವನಿಗೆ ದೃಷ್ಟಿ ಮಂದ. ವಯಸ್ಸು ಕಾಣುತ್ತದೆಂದು ಚಷ್ಮಾ ಹಾಕುತ್ತಿರಲಿಲ್ಲ. ಮೀಸೆ ಕಾಣುತ್ತದೋ ಎಂದು ಇಷ್ಟಿಷ್ಟೇ ಹತ್ತಿರ ಸರಿದು ಕೊನೆಗೆ ಅಂಟಿಕೊಂಡಿದ್ದ.

"ಅಲುಗಾಡಬ್ಯಾಡ್ರಿ," ಎಂದರು ಮಿಸ್ತ್ರಿ, "ಬಣ್ಣ ಕೆಡತೈತಿ."

ಸೀಮೆಎಣ್ಣೆ ಸವರಿ ಬಿಡಿಸಿದೆವು. ಮಾವನ ಮುಖದ ಮೇಲೆ ಹಸಿರು ಮೀಸೆ, ಬಾಗಿಲ ಮೇಲೆ ಅದರದೇ ಅಚ್ಚು, ಅಚ್ಚಿನಲ್ಲಿ ಏಳೆಂಟು ಬಿಳಿ ಕೂದಲು. ಬೆಳಗಾದರೆ ಯುಗಾದಿ. ಬ್ರಶ್ಶಿನ ಎರಡು ಕೂದಲಿಗೇ ಕರಾರು ಹಾಕಿದವನು ಇದಕ್ಕೆ ಏನು ಹಾಕುತ್ತಾನೋ ಎಂದು ನಿಂತೆ. ಹುಡುಗಿ ಮುಂದೆ ಬಂದು ಬಾಗಿಲು ನೋಡಿದಳು, ಅಪ್ಪನ ಮುಖ ನೋಡಿದಳು.

"ಅಪ್ಪಾ, ಕಪಾಟಿನಾಗ ನಿನ್ನ ಮೀಸಿ ಕಾಣಬೇಕು ಅಂದಿದ್ದಿ. ಕಾಣಾಕತ್ತೈತಿ ನೋಡು."

ಮಾವ ಬಾಯಿ ತೆರೆಯುವ ಮೊದಲೇ ಅವ್ವ, ತಮ್ಮನ ಅಂಗಡಿಯಿಂದಲೇ ಸಕ್ಕರೆ ತರಿಸಿ ಓಣಿಗೆಲ್ಲ ಹಂಚಿ ಮದುವೆ ಗಟ್ಟಿ ಮಾಡಿಬಿಟ್ಟಳು. ಜೋಳದ ಬುಟ್ಟಿಯ ಅಜ್ಜಿಗೂ ಒಂದು ಮುಷ್ಟಿ ಸಿಕ್ಕಿತು.

ಹಸಿರು ಹೋಗಲಿಲ್ಲ, ಮೀಸೆಯನ್ನೇ ಬೋಳಿಸಬೇಕಾಯಿತು. ಮದುವೆಯ ದಿನ ಆ ಕಪಾಟನ್ನು ಮಗಳಿಗೆ ಕೊಡುವ ಸಾಮಾನಿನ ಜೊತೆ ಹಂದರದಲ್ಲೇ ಇಟ್ಟಿದ್ದರು. ಅದರ ಪಕ್ಕದಲ್ಲಿ ನುಣ್ಣನೆಯ ತುಟಿ ಹೊತ್ತು ನಿಂತ ಮಾವನನ್ನು ಕಂಡು ನನಗೆ ಮೊದಲ ಸಲ ಅವನ ಮೇಲೆ ಪ್ರೀತಿ ಬಂತು. ನಮ್ಮ ಕಡೆಯ ಹಿರಿಯರೊಬ್ಬರು ಅವನ ಗುರುತು ಹತ್ತದೆ, ಹುಡುಗಿಯ ತಂದೆ ಎಲ್ಲಿ ಎಂದು ಅವನನ್ನೇ ಕೇಳಿದರು.

ಮಾವ ಬಾಗಿಲ ಮೇಲಿನ ಮೀಸೆಗೆ ಕೈ ತೋರಿಸಿದ.

"ಅಲ್ಲಿ, ಕಪಾಟಿನಾಗ ಅದಾನ್ರಿ."