ಮುಲುಂಡಿನಲ್ಲಿ ಮೊಸರಿಗೆ ನಿಷೇಧಾಜ್ಞೆ

ಒಂದು ಬಟ್ಟಲು ಮೊಸರನ್ನ. ಮೇಲೆ ಒಂದು ಮಿಡಿ ಉಪ್ಪಿನಕಾಯಿ ಇದ್ದರೆ ಸರಿ, ಇಲ್ಲದಿದ್ದರೂ ಸರಿ. ಹೆತ್ತ ಮೇಲೆ ನಾನು ಈ ಲೋಕವನ್ನು ಕೇಳಿದ್ದು ಇಷ್ಟೇ. ಮೈಸೂರಿನವಳಾದ ನನಗೆ ಮೊಸರನ್ನ ಉಣ್ಣದೆ ಏಳುವುದೆಂದರೆ ಊಟದ ಮಧ್ಯದಲ್ಲೇ ಎದ್ದ ಹಾಗೆ. ಮಗ ಹುಟ್ಟಿದ ದಿನದಿಂದ ನಾನು ಮಧ್ಯದಲ್ಲೇ ಏಳುತ್ತಿದ್ದೇನೆ.

ಬಾಣಂತನ ತವರಿನಲ್ಲಿ ಆಗಬೇಕಿತ್ತು. ಅಮ್ಮ ಜಾರಿ ಬಿದ್ದು ಕಾಲು ಮುರಿದುಕೊಂಡರು. ಹಾಗಾಗಿ ನನ್ನ ಅತ್ತೆ ಮಲ್ಲಕ್ಕನವರು ಒಂದು ಚೀಲ ಬೆಳ್ಳುಳ್ಳಿ, ಒಂದು ಡಬ್ಬಿ ಅಂಟಿನ ಉಂಡೆ ಸಮೇತ ಕೊಪ್ಪಳದಿಂದ ಮುಲುಂಡಿನ ನಮ್ಮ ಫ್ಲ್ಯಾಟಿಗೆ ದಯಮಾಡಿಸಿದರು. ಬಂದ ದಿನವೇ ರಾಜಶಾಸನ ಹೊರಟಿತು. ಮೊಸರು ಥಂಡಿ, ಬಾಳೆಹಣ್ಣು ಥಂಡಿ, ಫ್ಯಾನು ಮಹಾ ಥಂಡಿ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಆದ್ದರಿಂದ ಗುಟುಕು ಮಾತ್ರ. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ನನ್ನ ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ. (ಹತ್ತಿಯಿಂದ ಒಂದು ಲಾಭವಿದೆ. ಅರ್ಧ ಉಪದೇಶ ಕೇಳಿಸುವುದಿಲ್ಲ.)

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ಸಹಿಸುತ್ತಿದ್ದೆ. ಒಂದು ದಿನ ಕೊತ್ತಂಬರಿ ತರಲು ಕೆಳಗೆ ಹೋದ ಅತ್ತೆ ಮುಖ ಕೆಂಪಗೆ ಮಾಡಿಕೊಂಡು ಮೇಲೆ ಬಂದರು.

"ಏನವಾ ಸಾಧನಾ, ನಿನಗ ಹಾಲು ಸಾಲವಲ್ದೇನು?"

"ಯಾರು ಹೇಳಿದ್ದು ಅತ್ತೆ? ಮಗು ಹೊಟ್ಟೆ ತುಂಬ ಕುಡೀತಿದೆಯಲ್ಲ!"

"ಮತ್ತ ಲಿಫ್ಟಿನ್ಯಾಗ ಆ ಗುಜರಾತಿ ಬಾಯಿ ನಿನ್ನ ಹಾಲು ಹ್ಯಾಂಗೈತಿ ಅಂತ ಯಾಕ ಕೇಳಿದ್ಲು? ಕೆಳಗ ವಾಚ್‌ಮನ್ನೂ ಅದನ್ನ ಕೇಳಿದ. ಗಂಡಸು! ನನಗೂ ಅಷ್ಟರಮಟ್ಟಿಗಿ ಹಿಂದಿ ತಿಳೀತೈತಿ ಬಿಡು."

ನಾನು ನಾಚಿಕೆಯಿಂದ ಕುಗ್ಗಿಹೋದೆ. ನನ್ನ ಹಾಲಿನ ಚಿಂತೆ ವಾಚ್‌ಮನ್ನಿಗೇಕೆ? ಅಂದಿನಿಂದ ಬಾಲ್ಕನಿಗೆ ಹೋಗುವುದನ್ನೇ ಬಿಟ್ಟೆ. ಅತ್ತೆ ಮಾತ್ರ ದಿನಾ ಕೆಳಗೆ ಹೋಗುವರು, ದಿನಾ ಯಾರೋ ಕೇಳುವರು, ದಿನಾ ನನ್ನ ತಟ್ಟೆಯಲ್ಲಿ ಬೆಳ್ಳುಳ್ಳಿ ಏರುವುದು. ಬೆಳಿಗ್ಗೆ ಮೆಂತ್ಯದ ಗಂಜಿ, ಮಧ್ಯಾಹ್ನ ಸಬ್ಬಸಿಗೆ ಪಲ್ಯ, ಸಂಜೆ ಅಳವಿ ಪಾಯಸ, ಎಲ್ಲದರ ಹಿಂದೆ ಬೆಳ್ಳುಳ್ಳಿಯ ಬೆಂಗಾವಲು. ಮಗುವೂ ನನ್ನ ಹತ್ತಿರ ಬಂದಾಗ ಮೂಗು ಸಿಂಡರಿಸತೊಡಗಿತು.

ನನ್ನ ಗಂಡ ಗುರುಪಾದ ಪರೇಲಿನ ಆಫೀಸಿನಲ್ಲಿ ಒಂದು ಫ್ಲೋರ್ ಪೂರ್ತಿ ನಡುಗುವಂತೆ ಹಿಂದಿಯಲ್ಲಿ ಗದರುವವರು. ಮನೆಯಲ್ಲಿ ಅವ್ವನ ಮುಂದೆ ಬೆಕ್ಕಿನ ಮರಿ. "ಅವ್ವ ಮಾಡಿದ್ದು ತಿಂದ್ರ ಲುಕ್ಸಾನ ಏನೈತಿ?" ಎನ್ನುತ್ತಾ ನನ್ನ ಪಾಲಿನ ಅಂಟಿನ ಉಂಡೆಯನ್ನು ತಾವೇ ಬಾಯಿಗೆ ಹಾಕಿಕೊಂಡರು. ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. (ಅತ್ತೆಯ ದೆಸೆಯಿಂದಲೇ ಅತ್ತೆ. ಕನ್ನಡ ಎಷ್ಟು ದೂರದೃಷ್ಟಿಯ ಭಾಷೆ ನೋಡಿ.) ನನಗೆ ನಿಜಕ್ಕೂ ಸಾಕುಸಾಕಾಗಿತ್ತು.

ಆಗ ಹೊಳೆಯಿತು ಉಪಾಯ. ಮಗುವಿಗೆ ಲಸಿಕೆ ಹಾಕಿಸುವುದಿತ್ತು. ಡಾಕ್ಟರ ಬಾಯಿಂದಲೇ ಹೇಳಿಸಿದರೆ? ಅತ್ತೆಯನ್ನೂ ಹೊರಡಿಸಿದೆ. ಅನುವಾದಕ್ಕೆಂದು ಗಂಡನಿಂದ ರಜೆ ಹಾಕಿಸಿದೆ.

ಡಾಕ್ಟರು ಚಿಕ್ಕ ವಯಸ್ಸಿನ, ನಗುಮುಖದ ಹುಡುಗ. ಮಗುವನ್ನು ತೂಗಿ ಸಂತೋಷಪಟ್ಟರು. ತೂಕ ಚೆನ್ನಾಗಿ ಏರಿದೆ, ಹಾಗಾಗಿ ಹಾಲಿಗೆ ಏನೂ ಕೊರತೆಯಿಲ್ಲ. ತಾಯಿ ಬೇಳೆ, ಸೊಪ್ಪು, ಹಣ್ಣು, ಮೊಸರು ಎಲ್ಲವನ್ನೂ ತಿನ್ನಲಿ, ಬಾಯಾರಿದಾಗಲೆಲ್ಲ ನೀರು ಕುಡಿಯಲಿ ಎಂದರು. ನನ್ನವರು ಅಷ್ಟನ್ನೂ ಕನ್ನಡಕ್ಕೆ ಇಳಿಸಿದರು. 'ಮೊಸರು' ಎಂಬುದನ್ನು ನಾನು ಎರಡು ಸಲ ಹೇಳಿಸಿದೆ.

ಅತ್ತೆ ಯೋಚಿಸಿದರು. ಸೆರಗು ಸರಿಮಾಡಿಕೊಂಡರು. "ಓದಿದಾಂವ ಹೇಳ್ತಾನಂದ್ರ ಖರೇ ಇರಬೇಕು. ಹೋಗೂಮುಂದ ಮೊಸರು ತಗೊಂಡ ಹೋಗೂಣು."

ನನ್ನ ಕಣ್ಣು ತುಂಬಿ ಬಂತು. ಡಾಕ್ಟರು ಎದ್ದು ನಿಂತು, ಹಿರಿಯರೆಂದು ಅತ್ತೆಗೆ ಕೈಮುಗಿದು ಕೇಳಿದರು, "ಔರ್ ಮಾಜೀ, ಆಪ್ ಕಾ ಕ್ಯಾ ಹಾಲ್ ಹೈ?"

ಆ ಕ್ಷಣ ನನಗೆ ಎಲ್ಲ ತಿಳಿಯಿತು. ಲಿಫ್ಟಿನ ಗುಜರಾತಿ ಬಾಯಿಯೂ ವಾಚ್‌ಮನ್ನೂ ಪಾಪ, ನನ್ನ ಯೋಗಕ್ಷೇಮ ವಿಚಾರಿಸಿದ್ದರು! ಆದರೆ ಕಾಲ ಮಿಂಚಿತ್ತು.

"ಅರವತ್ತು ದಾಟ್ಯಾವು ನನಗ!" ಅತ್ತೆ ಗುಡುಗಿದರು. "ಮೊಮ್ಮಗನ್ನ ಎತ್ಕೊಂಡ ನಿಂತೀನಿ. ನನ್ನ ಹಾಲು ಕೇಳ್ತಾನಲ್ಲೋ ಈ ಭಾಡ್ಯಾ! ಇಂಥಾ ಹುಚ್ಚನ ಮಾತು ಕೇಳಿ ಬಾಣಂತಿಗೆ ಮೊಸರು ಕೊಡಲೇನು?"

ರಿಕ್ಷಾದಲ್ಲಿ ನಾನು ಅಂಗಲಾಚಿದೆ. "ಅತ್ತೆ, ಹಿಂದೀಲಿ ಹಾಲ್ ಅಂದ್ರೆ ಹಾಲಲ್ಲ. ಹೇಗಿದ್ದೀರಿ ಅಂತ ಕೇಳಿದ್ದು ಅಷ್ಟೇ. ಬೇಕಾದ್ರೆ ನಿಮ್ಮ ಮಗನ್ನೇ ಕೇಳಿ!"

ಪರೇಲಿನ ಹುಲಿ ಅವ್ವನ ಮುಖ ನೋಡಿದರು, ಆಮೇಲೆ ರಸ್ತೆ ನೋಡಿದರು. "ನನಗೂ ಹಿಂದಿ ಅಷ್ಟಕ್ಕಷ್ಟ ಅವ್ವಾ."

ಡೇರಿ ಬಂತು, ಹೋಯಿತು. ಅತ್ತೆ ರಿಕ್ಷಾ ನಿಲ್ಲಿಸಲಿಲ್ಲ.

"ಎಲಾ ಇವಳ," ಎಂದರು, ನನ್ನ ಕಿವಿಯ ಹತ್ತಿಯನ್ನು ಇನ್ನಷ್ಟು ಒಳಗೆ ಒತ್ತುತ್ತಾ, "ಮೊಸರಿನ ಆಸೇಕ ಹಾಲಿನ ಅರ್ಥಾನ ಬದ್ಲಿ ಮಾಡ್ತಾಳ!"