ನಮ್ಮ ಮನೆಯ ತುಂಡು ವಾಕ್ಯಗಳು

ನಮ್ಮ ಮನೆಯಲ್ಲಿ ಪರೀಕ್ಷೆ ಒಬ್ಬರಿಗೆ, ಪಾಡು ಎಲ್ಲರಿಗೂ. ಇದು ಪ್ರತಿ ವರ್ಷವೂ ನಡೆಯುವಂಥದ್ದೇ. ಈ ಸಲ ನಾಲ್ಕನೇ ತರಗತಿಯ ಮೊಮ್ಮಗಳ ಇಂಗ್ಲಿಷ್ ಟೆಸ್ಟಿಗೆ ಬಂದ ಪಾಠ: ಪೂರ್ತಿ ವಾಕ್ಯ ಯಾವುದು, ತುಂಡು ವಾಕ್ಯ ಯಾವುದು. ನಾನು ಮೈಸೂರಿನಲ್ಲಿ ಬಿ.ಎ. ಮಾಡಿದವಳು, ಹೇಳಿಕೊಡುವ ಕೆಲಸ ನನ್ನದೇ.

"ಯಾರು ಅಂತ ಕೇಳು. ಏನು ಮಾಡ್ತಾರೆ ಅಂತ ಕೇಳು. ಎರಡಕ್ಕೂ ಉತ್ತರ ಸಿಕ್ಕರೆ ಪೂರ್ತಿ" ಎಂದೆ.

ಅವಳ ಅಂಕಗಳನ್ನೆಲ್ಲ ನಾನೊಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಇಂಗ್ಲಿಷಿನಲ್ಲಿ ಆ ವರ್ಷ ಅಲ್ಲಿಯವರೆಗೆ ಎಲ್ಲವೂ ಹತ್ತಕ್ಕೆ ಹತ್ತು. ಉಳಿದಿದ್ದು ಇದೊಂದೇ ಟೆಸ್ಟು.

ಕಾಫಿ

ಮರುದಿನ ಬೆಳಿಗ್ಗೆ ನಮ್ಮ ಯಜಮಾನರು ಜಗಲಿಯಿಂದ, "ಕಾಫಿ" ಎಂದರು. ಮದುವೆಯಾದಾಗಿನಿಂದ ಅವರು ಹೇಳುವುದು ಅಷ್ಟೇ. ಮೊಮ್ಮಗಳು ಅಡ್ಡ ನಿಂತಳು.

"ಅಜ್ಜಿ, ಕೊಡಬೇಡ. ಅದು ತುಂಡು. ತಾತ, ಯಾರು ಕೊಡಬೇಕು? ಪೂರ್ತಿ ಹೇಳು."

ತಾತ ಚಪ್ಪಲಿ ಮೆಟ್ಟಿ ಹೊರಟರು. ಅರ್ಧ ಗಂಟೆ ಬಿಟ್ಟು ಬಂದರು.

"ಕುಡಿದ್ರಾ?" ಎಂದೆ.

"ಹೋಟ್ಲಲ್ಲಿ ತುಂಡೂ ಬೇಕಾಗ್ಲಿಲ್ಲ. ಒಂದು ಬೆರಳು ತೋರಿಸ್ದೆ, ಬಂತು."

ತಂಗಿ ಮನೆ

ಭಾನುವಾರ ನಂಜನಗೂಡಿನಿಂದ ತಿ. ನರಸೀಪುರದ ತಂಗಿ ಮನೆಗೆ ಹೋಗಿದ್ದೆವು. ಕುಂಕುಮ ಇಟ್ಟುಕೊಂಡು ಹೊರಡುವಾಗ ಮೊಮ್ಮಗಳು, "ಚಿಕ್ಕಜ್ಜಿ, ನಾವು ಹೋಗ್ತೀವಿ" ಎಂದುಬಿಟ್ಟಳು. ತಂಗಿಯ ಮುಖ ಸಣ್ಣದಾಯಿತು. ನಾನು ಬಾಗಿಲಲ್ಲೇ ಬೈದೆ.

"ಹಾಗೆ ಅರ್ಧಕ್ಕೆ ನಿಲ್ಲಿಸಬಾರದು ಕಣೇ. ಬರೀ ಹೋಗ್ತೀವಿ ಅಂದ್ರೆ ಮತ್ತೆ ಬರಲ್ಲ ಅಂತ ಆಗುತ್ತೆ. ಹೋಗಿಬರ್ತೀವಿ ಅಂತ ಪೂರ್ತಿ ಹೇಳು."

ಹೇಳಿದಳು. ಒಳಗೆ ಹೋಗಿ ಕೂತು, ನೀರು ಕುಡಿದು, ಮತ್ತೆ ಹೊರಟೆವು.

ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುತ್ತಿದ್ದರು: "ನಂಜನಗೂಡ್, ನಂಜನಗೂಡ್, ನಂಜನಗೂಡ್!"

"ಅಂಕಲ್, ನಂಜನಗೂಡು ಏನ್ ಮಾಡುತ್ತೆ?" ಎಂದಳು ಮೊಮ್ಮಗಳು.

"ಏನೂ ಮಾಡಾಕಿಲ್ಲ ಕಣವ್ವ, ಅಲ್ಲೇ ಅದೆ. ನೀನು ಅತ್ಕೋ ಮೊದ್ಲು!"

ಒಂದು ಅಂಕ

ಸೋಮವಾರ ಟೆಸ್ಟು ಮುಗಿದು, ಬುಧವಾರ ಉತ್ತರಪತ್ರಿಕೆ ಬಂತು. ಒಂಬತ್ತು. 'ಐ ಆ್ಯಮ್ ಗೋಯಿಂಗ್' ಎಂಬುದರ ಮುಂದೆ ಮೊಮ್ಮಗಳು 'ತುಂಡು' ಎಂದು ಗುರುತು ಹಾಕಿದ್ದಳು.

"ಯಾರು, ಏನು ಮಾಡ್ತಾರೆ, ಎರಡೂ ಇದೆಯಲ್ಲೇ!" ಎಂದೆ.

"ಬರೋದು ಎಲ್ಲಿದೆ ಅಜ್ಜಿ? ನೀನೇ ಬೈದ್ಯಲ್ಲ."

ನೋಟ್‌ಬುಕ್ಕಿನಲ್ಲಿ ಒಂಬತ್ತು ಬರೆಯಲು ಕೈ ಬರಲಿಲ್ಲ. ಉತ್ತರಪತ್ರಿಕೆ ಹಿಡಿದು, ಅವಳನ್ನೂ ಕರೆದುಕೊಂಡು ಶಾಲೆಗೆ ಹೋದೆ. ಮಿಸ್ಸು ಇಲ್ಲೇ ಹೆಡತಲೆ ಊರಿನ ಕಡೆಯ ಹುಡುಗಿ. ಮರ್ಯಾದಸ್ತೆ, ಆದರೆ ಗಟ್ಟಿ.

"ಇಂಗ್ಲಿಷ್‌ನಲ್ಲಿ ಅದು ಪೂರ್ತಿ ವಾಕ್ಯಾನೇ ಅಮ್ಮ. ಹೋಗೋರು ಹೋದರಾಯ್ತು, ವಾಪಸ್ ಬರೋದು ನಮಗೆ ಬೇಕಿಲ್ಲ" ಎಂದರು.

ಅವರು ಹೇಳಿದ್ದು ಸರಿ ಎಂದು ಬಿ.ಎ. ಮಾಡಿದ ನನಗೆ ಗೊತ್ತಿತ್ತು. ಅದಕ್ಕೇ ಸಿಟ್ಟು ಜಾಸ್ತಿಯಾಯಿತು. ಚೀಲ ಎತ್ತಿಕೊಂಡು, "ಸರಿ ಮಿಸ್, ನಾನು ಹೋಗ್ತೀನಿ" ಎಂದೆ.

ಮಿಸ್ಸು ಕುರ್ಚಿಯಿಂದ ದಡಕ್ಕನೆ ಎದ್ದರು.

"ಅಯ್ಯೋ, ಬಿಡ್ತು ಅನ್ನಿ! ಈ ವಯಸ್ಸಲ್ಲಿ ಹಾಗನ್ಬಾರ್ದು ಅಮ್ಮ. ಹೋಗಿಬರ್ತೀನಿ ಅಂತ ಪೂರ್ತಿ ಹೇಳಿ!"

ಮೊಮ್ಮಗಳು ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಕೆಂಪು ಪೆನ್ನಿನ ಮುಚ್ಚಳ ತೆಗೆದು, ಅವರ ಕೈಗೆ ಕೊಟ್ಟಳು.